ಎರಡನೆಯ ಸಿಆರ್‌ಪಿ

ಜೂನ್ ಹನ್ನೆರಡು, ಬೆಳಿಗ್ಗೆ ಹತ್ತೂವರೆ. ಅಕ್ಕನ ನಾಲ್ಕು ದಿನದ ಮಗು ಹಾಲು ಕುಡಿಯದೆ ಮಂಕಾಗಿತ್ತು. ರಕ್ತಕ್ಕೆ ಸೋಂಕು ತಗುಲಿರಬಹುದೆಂದು ಕಡೂರಿನ ಡಾಕ್ಟರಮ್ಮ ಮಗುವನ್ನು ದಾಖಲಿಸಿಕೊಂಡು, ರಕ್ತದಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಕಲ್ಚರ್ ಮತ್ತು ಸಿಆರ್‌ಪಿ ಪರೀಕ್ಷೆಗೆ ರಕ್ತ ತೆಗೆಸಿ, ಆಂಟಿಬಯೋಟಿಕ್ ಇಂಜೆಕ್ಷನ್ ಶುರು ಮಾಡಿದರು. ಸೋಂಕಿದ್ದರೆ ರಕ್ತದಲ್ಲಿ ಸಿಆರ್‌ಪಿ ಏರುತ್ತದಂತೆ. ಮಧ್ಯಾಹ್ನ ಅದು ನಾರ್ಮಲ್ ಬಂತು. ನಾನು ತಕ್ಷಣ ತರೀಕೆರೆಯ ಅತ್ತೆಗೆ ಫೋನ್ ಮಾಡಿ, “ಏನೂ ಇಲ್ವಂತೆ ಕಣತ್ತೆ” ಎಂದೆ.

ಅದನ್ನು ಕೇಳಿಸಿಕೊಂಡ ಡಾಕ್ಟರಮ್ಮ ನಕ್ಕರು. “ಅವಸರ ಬೇಡಪ್ಪಾ. ಇದು ಏರೋಕೆ ಹೊತ್ತು ಹಿಡಿಯುತ್ತೆ. ನಾಳೆ ಇನ್ನೊಂದ್ಸಲ ನೋಡೋಣ.”

ಮರುದಿನ ಹಿಮ್ಮಡಿ ಚುಚ್ಚಿ ರಕ್ತ ತೆಗೆಯಲು ಬಂದ ನರ್ಸ್ ನಿಂತುಬಿಟ್ಟರು. ಬೆಳಗಿನ ಬಸ್ಸಿಗೆ ಅಜ್ಜಂಪುರದಿಂದ ಬಂದಿದ್ದ ಅಜ್ಜಿ ಅಲ್ಲಿಗೇ ಕಾಡಿಗೆಯಿಂದ ದೃಷ್ಟಿಬೊಟ್ಟು ಇಟ್ಟಿದ್ದರು.

“ಒರೆಸ್ಬೇಡ ಕಣಮ್ಮಾ, ದೃಷ್ಟಿ ಆಗ್ತದೆ!”

“ಆಯ್ತು ಬಿಡಜ್ಜಿ, ಇನ್ನೊಂದು ಕಾಲಲ್ಲಿ ತಗೋತೀನಿ.”

ಅಜ್ಜಿ ಮೆಲ್ಲಗೆ ಹೇಳಿದರು: “ಅಲ್ಲೂ ಇಟ್ಟಿದೀನಿ.”

“ಹಂಗಾದ್ರೆ ಒಂದನ್ನ ಒರೆಸ್ತೀನಿ. ಬದಲಿಗೆ ಕೆನ್ನೆಗಿಡಿ.”

ಅಜ್ಜಿ ಒಪ್ಪಿದರು. ಎರಡನೆಯ ರಿಪೋರ್ಟೂ ನಾರ್ಮಲ್ ಬಂತು. ಸಂಜೆಗೆ ಮಗು ಚೀಪಿ ಚೀಪಿ ಹಾಲು ಕುಡಿಯಿತು. ಕಲ್ಚರಿನಲ್ಲೂ ಏನೂ ಬೆಳೆಯಲಿಲ್ಲವೆಂದು ಹದಿನಾಲ್ಕರಂದು ಇಂಜೆಕ್ಷನ್ ನಿಲ್ಲಿಸಿ ಮನೆಗೆ ಕಳಿಸಿದರು.

ಅಕ್ಕ ಈಗಲೂ ಕೇಳುತ್ತಾಳೆ: ಮೊದಲ ದಿನವೇ ಖಚಿತವಾಗಿ ಹೇಳುವ ರಕ್ತಪರೀಕ್ಷೆ ಇಲ್ಲವೇ? ಇದರ ಬಗ್ಗೆ ಹೆಚ್ಚು ತಿಳಿದವರಿದ್ದರೆ ದಯವಿಟ್ಟು ನನಗೆ ಎರಡು ಸಾಲು ಬರೆಯಿರಿ.