ಪಿಕಪ್ ಇರುವವನಿಗೆ ಹೆಣ್ಣು ಕೊಡುವುದಿಲ್ಲವಂತೆ

ಭೇರ್ಯದಲ್ಲಿರುವ ನನ್ನ ಅಕ್ಕನಿಗೆ ನನ್ನ ಪಿಕಪ್ ಕಂಡರೆ ಆಗುವುದಿಲ್ಲ. ಫೋನು ಮಾಡಿದಾಗಲೆಲ್ಲ ಊಟ ಆಯ್ತಾ ಎಂದು ಕೇಳುತ್ತಾಳೆ, ಆಮೇಲೆ ನೇರವಾಗಿ ಗಾಡಿಗೆ ಬರುತ್ತಾಳೆ.

"ಲೋ, ಆ ಪಿಕಪ್ ಮಡೀಕಂಡಿರೋಗಂಟ ನಿಂಗೆ ಯಾರೂ ಹೆಣ್ಣು ಕೊಡಾಕಿಲ್ಲ ಕಣ್ಲಾ. ಮಾರ್ಬುಟ್ಟು ಒಂದು ಕಾರು ತಗೊ. ಹೆಂಡ್ತಿ ಕೂರಿಸ್ಕಂಡು ಓಗೋ ಅಂಥ ಗಾಡಿ ತಗೊ."

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ. ಹೆಂಡತಿಯೇ ಇಲ್ಲ, ಅವಳು ಕೂರುವ ಸೀಟಿಗಾಗಿ ನಮ್ಮಿಬ್ಬರಿಗೂ ವರ್ಷಗಟ್ಟಲೆಯಿಂದ ಜಗಳ.

ನನಗೀಗ ನಲವತ್ತಮೂರು. ಕಟ್ಟೆಮಳಲವಾಡಿಯಲ್ಲಿ ಹೊಗೆಸೊಪ್ಪು, ಶುಂಠಿ ಬೆಳೆಯುತ್ತೇನೆ. ಬೆಳೆ ಚೆನ್ನಾಗಿಯೇ ಇದೆ, ಮನೆಗೆ ಟೈಲ್ಸ್ ಹಾಕಿಸಿದ್ದೇನೆ. ಪಿಕಪ್ ಕೊಂಡ ಕಾಲಕ್ಕೆ ಸ್ವಂತ ಗಾಡಿ ಇರುವ ಹುಡುಗ ಎಂದರೆ ಹೆಣ್ಣಿನ ಕಡೆಯವರು ಇನ್ನೊಂದು ಲೋಟ ಕಾಫಿ ಕೊಡುತ್ತಿದ್ದರು. ನಾನು ಕೊಳ್ಳುವುದಕ್ಕೂ ಕಾಲ ಬದಲಾಗುವುದಕ್ಕೂ ಸರಿಹೋಯಿತು. ಈಗ ಕೇಳುವುದು ಸರ್ಕಾರಿ ಕೆಲಸ ಇದೆಯಾ, ಮೈಸೂರಿನಲ್ಲಿ ಮನೆ ಇದೆಯಾ ಎಂದು. ನಮ್ಮೂರಲ್ಲಿ ನನ್ನಂಥವರು ಬೇಕಾದಷ್ಟು ಜನ ಇದ್ದೇವೆ. ಟೀ ಅಂಗಡಿಯ ಮುಂದೆ ಸೇರಿದರೆ ಮಳೆ, ಕ್ರಿಕೆಟ್ಟು, ರಾಜಕೀಯ ಎಲ್ಲ ಆಡುತ್ತೇವೆ. ಇದೊಂದನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಅವ್ವ ಇದ್ದಷ್ಟು ದಿನ ಇದು ಅಷ್ಟಾಗಿ ಕಾಡಲಿಲ್ಲ. ಅವ್ವ ಹೋದ ಮೇಲೆ ನಾನು ಕಲಿತ ಮೊದಲ ಪಾಠವೆಂದರೆ ಒಬ್ಬನಿಗೆ ಮುದ್ದೆ ಮಾಡುವುದು ಬಲು ಕಷ್ಟ ಎನ್ನುವುದು. ಒಂದೇ ಮುದ್ದೆಯ ಹಿಟ್ಟು ತೊಳಸುವುದಕ್ಕೇ ಸಿಗುವುದಿಲ್ಲ, ಅರ್ಧ ಪಾತ್ರೆಗೆ ಅಂಟಿಕೊಂಡು ಹೋಗುತ್ತದೆ. ಹಾಗಾಗಿ ಇಬ್ಬರಿಗಾಗುವಷ್ಟು ಮಾಡುತ್ತೇನೆ. ಎರಡನೆಯದನ್ನು ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ಟಿವಿ ಹಾಕಿ ಊಟ ಮಾಡುತ್ತೇನೆ, ಆಮೇಲೆ ನಾಯಿಗೆ ಹಾಕುತ್ತೇನೆ. ನಾಯಿ ನನ್ನದಲ್ಲ, ಪಕ್ಕದ ಮನೆಯದು. ತಿಂದ ತಕ್ಷಣ ತನ್ನ ಮನೆಗೆ ಹೋಗುತ್ತದೆ.

ಪಿಕಪ್ಪಿನಲ್ಲಿ ಹೆಣ್ಣು ನೋಡಲು ಹೋಗುವುದರಲ್ಲಿ ಒಂದು ತೊಂದರೆ ಇತ್ತೆಂಬುದು ನಿಜ. ಮುಂದೆ ಕೂರುವುದು ಮೂರೇ ಜನ: ನಾನು, ಅಕ್ಕ, ಭಾವ. ಶುಭಕಾರ್ಯಕ್ಕೆ ಮೂವರು ಹೊರಡಬಾರದು ಎಂದು ಅಕ್ಕನ ಹಟ. ಅದಕ್ಕೆ ನಾಲ್ಕನೆಯವನಾಗಿ ಮದುವೆ ಬ್ರೋಕರನ್ನು ಹಿಂದೆ ಹತ್ತಿಸುತ್ತಿದ್ದೆವು. ಪಾಪ, ಆತ ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡು ಬರುತ್ತಿದ್ದ. ಪಿರಿಯಾಪಟ್ಟಣದ ಕಡೆಯ ಒಂದು ಊರಿಗೆ ಹೋದಾಗ ದಾರಿಯುದ್ದಕ್ಕೂ ಮಣ್ಣು ರಸ್ತೆ. ಇಳಿಯುವಾಗ ಅವನ ಹುಬ್ಬೂ ಕೆಂಪಗಾಗಿತ್ತು. ಹೆಣ್ಣಿನ ಮನೆಯವರು ಮೊದಲು ಅವನಿಗೆ ಮುಖ ತೊಳೆಯಲು ನೀರು ಕೊಟ್ಟರು.

ಹೋದ ಕಡೆಯಿಂದೆಲ್ಲ ಬೇಡ ಎಂದು ಸುದ್ದಿ ಬಂತು. ಯಾಕಂತೆ ಎಂದು ಅಕ್ಕ ಕೇಳಿದರೆ ಬ್ರೋಕರು, "ಗಾಡಿ ನೋಡುದ್ರು ಕಣಕ್ಕ, ಮಕ ಸಣ್ಣಗಾಯ್ತು" ಎನ್ನುತ್ತಿದ್ದ. ಹಿಂದೆ ಕೂತು ಧೂಳು ಕುಡಿದವನು ಇನ್ನೇನು ಹೇಳಿಯಾನು? ಅಕ್ಕ ಅದನ್ನು ನಂಬಿದಳು. ನಾನೂ ನಂಬಿದೆ. ನಂಬುವುದು ಸುಲಭವಾಗಿತ್ತು.

ಕೊನೆಗೆ ಈ ವರ್ಷ ಶುಂಠಿ ಕಿತ್ತ ಮೇಲೆ ಹುಣಸೂರಿನ ಒಂದು ಶೋರೂಮಿಗೆ ಹೋದೆ. ಪಿಕಪ್ ಕೊಟ್ಟು ಕಾರು ತೆಗೆದುಕೊಳ್ಳಬಹುದಾ ಎಂದು ವಿಚಾರಿಸಿದೆ. ಟೈ ಕಟ್ಟಿದ್ದ ಹುಡುಗ ಕುರ್ಚಿ ಎಳೆದು ಕೂರಿಸಿ, "ಮನೇಲಿ ಎಷ್ಟು ಜನ ಸರ್?" ಎಂದ.

"ನಾಲ್ಕು" ಎಂದೆ.

ಎಲ್ಲಿಂದ ಬಂತೋ ಆ ನಾಲ್ಕು, ನನಗೇ ಗೊತ್ತಿಲ್ಲ. ಅವನು ಹಿಂದಿನ ಬಾಗಿಲು ತೆಗೆದು, ಮಕ್ಕಳು ಒಳಗಿಂದ ತೆರೆಯದಂತೆ ಮಾಡುವ ಲಾಕ್ ತೋರಿಸಿದ. ನಾನು ಇಬ್ಬರು ಮಕ್ಕಳ ತಂದೆಯ ಗಾಂಭೀರ್ಯದಲ್ಲಿ ತಲೆ ಅಲ್ಲಾಡಿಸಿದೆ. ಕಾರು ಚೆನ್ನಾಗಿಯೇ ಇತ್ತು, ಡಿಕ್ಕಿಯಲ್ಲಿ ಗೊಬ್ಬರದ ಮೂಟೆಯೂ ಹಿಡಿಯುವಂತಿತ್ತು. ಲೋಡು ಇದ್ದಾಗ ಬಾಡಿಗೆ ಗಾಡಿ ಕರೆದರಾಯಿತು, ಎಲ್ಲ ಲೆಕ್ಕವೂ ಸರಿ. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಎದ್ದು ಬಂದೆ. ಮನೆಯಲ್ಲಿ ಯಾರನ್ನು ಕೇಳಲಿ?

ಆ ವಾರವೇ ಅಕ್ಕ ಬೀಚನಹಳ್ಳಿಯ ಸಂಬಂಧ ತಂದಳು. ಹೆಣ್ಣಿಗೆ ಮೂವತ್ತಾರು, ಡ್ಯಾಮಿನ ಹತ್ತಿರ ಕಾಡಂಚಿನ ರೆಸಾರ್ಟ್ ಒಂದರ ಅಡುಗೆಮನೆಯಲ್ಲಿ ಕೆಲಸ, ಅಣ್ಣನ ಮನೆಯಲ್ಲಿ ವಾಸ. ಈ ಸಲ ಪಿಕಪ್ ಬೇಡವೇ ಬೇಡ ಎಂದು ಅಕ್ಕ ಹಟ ಹಿಡಿದಳು. ಭಾವ ತಮ್ಮ ಸ್ನೇಹಿತರ ಕಾರು ತಂದುಕೊಟ್ಟರು. ನಾನೇ ಓಡಿಸಿದೆ. ಬ್ರೋಕರು ಹಿಂದಿನ ಸೀಟಿನಲ್ಲಿ ಬೀಗರ ಹಾಗೆ ಕಾಲು ಚಾಚಿ ಕೂತಿದ್ದ, ಅಂಗಿಗೆ ಒಂದು ಸುಕ್ಕೂ ಬೀಳಲಿಲ್ಲ.

ಉಪ್ಪಿಟ್ಟು, ಕೇಸರಿಬಾತು, ಕಾಫಿ ಎಲ್ಲ ಆಯಿತು. ಅವರಣ್ಣ ತಿಳಿವಳಿಕೆಯ ಮನುಷ್ಯ, ನೀವಿಬ್ಬರೂ ಮಾತಾಡಿಕೊಳ್ಳಿ ಎಂದು ನಮ್ಮನ್ನು ಹಿತ್ತಲಿಗೆ ಕಳುಹಿಸಿದರು. ಅಲ್ಲಿ ನಲ್ಲಿಯ ಕೆಳಗೆ ಬಕೆಟ್ಟಿಗೆ ನೀರು ಬೀಳುತ್ತಿತ್ತು. ಮೋಸ ಮಾಡಬಾರದು ಎಂದು ಮೊದಲೇ ಹೇಳಿಬಿಟ್ಟೆ.

"ಈ ಕಾರು ನಂದಲ್ಲ. ನಂದು ಪಿಕಪ್ಪು. ಆದ್ರೆ ಬದಲಾಯಿಸ್ತೀನಿ, ಶೋರೂಮಲ್ಲಿ ಮಾತಾಡ್ಕಂಡು ಬಂದಿವ್ನಿ."

ಅಷ್ಟಕ್ಕೆ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ನಾನು ಬಣ್ಣ ಹೇಳಿದೆ, ಮೈಲೇಜ್ ಹೇಳಿದೆ, ಎಸಿ ಹೇಳಿದೆ. ಪಿಕಪ್ಪನ್ನು ಎಷ್ಟು ಜೋಪಾನ ಮಾಡಿದ್ದೇನೆ ಎಂದು ಹೇಳಿದೆ. ಅವರು ಬಕೆಟ್ ತುಂಬುವವರೆಗೂ ಕೇಳಿದರು, ನಲ್ಲಿ ನಿಲ್ಲಿಸಿದರು.

"ಪಿಕಪ್ ಇರೋದು ಬ್ರೋಕರು ಮೊದ್ಲೇ ಏಳಿದ್ರು ಕಣ್ರೀ. ಅದ್ಕೆಲ್ಲ ಬ್ಯಾಡ ಅನ್ನೋಳಲ್ಲ ನಾನು. ರೆಸಾರ್ಟಿಗೆ ತರಕಾರಿ ತರೋ ಪಿಕಪ್ಪಲ್ಲೇ ದಿನಾ ಓಗಿ ಬತ್ತೀನಿ."

"ಮತ್ತಿನ್ನೇನು?" ಎಂದೆ. ಕಷ್ಟವೆಲ್ಲ ಕಳೆಯಿತು ಎಂದುಕೊಂಡೆ.

"ಬಂದಾಗ್ಲಿಂದ ಗಾಡಿ ವಿಚಾರ್ವೇ ಮಾತಾಡ್ತಾ ಇದ್ದೀರಿ. ನಾನು ಏನ್ ಕೆಲ್ಸ ಮಾಡ್ತೀನಿ, ನಂಗೇನಿಷ್ಟ, ಒಂದ್ ಮಾತೂ ಕೇಳ್ನಿಲ್ವಲ್ಲ ನೀವು."

ಕೋಪದಲ್ಲಿ ಹೇಳಲಿಲ್ಲ. ಬಸ್ಸು ಆಗಲೇ ಹೋಯಿತಲ್ಲ ಎಂದು ಯಾರೋ ಹೇಳುವಷ್ಟು ಸಹಜವಾಗಿ ಹೇಳಿದರು. ಆಗಲಾದರೂ ಕೇಳಬಹುದಿತ್ತು. ಅವರು ನಿಂತೇ ಇದ್ದರು, ಕೇಳಲಿ ಎಂದೇ ನಿಂತಿದ್ದರೋ ಏನೋ. ಟೀ ಅಂಗಡಿಯ ಹರಟೆ ಬಿಟ್ಟರೆ ಎಷ್ಟೋ ದಿನಗಳಿಂದ ನಾನು ಆಡಿದ ಮಾತೆಂದರೆ ಅಂಗಡಿಯಲ್ಲಿ 'ಎಷ್ಟು', ಆಳುಗಳಿಗೆ 'ಆಯ್ತು ಬುಡಿ', ಅಕ್ಕನಿಗೆ 'ಊಟ ಆಯ್ತು'. ಇನ್ನೊಬ್ಬರ ಮನಸ್ಸು ಕೇಳುವ ಮಾತಿನ ರೂಢಿಯೇ ನನ್ನ ಬಾಯಿಗೆ ತಪ್ಪಿಹೋಗಿತ್ತು. ಅಷ್ಟರಲ್ಲಿ ಹೊತ್ತಾಯಿತು ಎಂದು ಅಕ್ಕ ಪಡಸಾಲೆಯಿಂದ ಕೂಗಿದಳು. ಅವರು ಬಕೆಟ್ ಎತ್ತಿಕೊಂಡು ಒಳಗೆ ಹೋದರು.

ವಾಪಸ್ ಬರುವಾಗ ಕೋಟೆ ಪಟ್ಟಣ ದಾಟುವಷ್ಟರಲ್ಲಿ ಕೇಳಬೇಕಾದದ್ದೆಲ್ಲ ಒಂದರ ಹಿಂದೊಂದು ನೆನಪಾಗತೊಡಗಿತು. ಅಷ್ಟು ಜನಕ್ಕೆ ಅಡುಗೆ ಮಾಡಿ ಬಂದ ಮೇಲೆ ಮನೆಯಲ್ಲಿ ಊಟ ಸೇರುತ್ತದಾ? ಕೆಲಸ ಮುಗಿಸಿ ಬರುವಾಗ ದಾರಿಗೆ ಆನೆ ಬಂದರೆ ಏನು ಮಾಡುತ್ತೀರಿ? ರಜೆ ಸಿಕ್ಕರೆ ಎಲ್ಲಿಗೆ ಹೋಗಬೇಕು ಅನ್ನಿಸುತ್ತದೆ? ಹುಣಸೂರಿನವರೆಗೂ ಕೇಳುತ್ತಲೇ ಬಂದೆ, ಮನಸ್ಸಿನಲ್ಲೇ. ಅಕ್ಕ ಹಿಂದಿನ ಸೀಟಿನಿಂದ, ಕಾರು ಅಂದ್ರೆ ಎಷ್ಟು ಸುಕ ನೋಡ್ಲಾ ಎನ್ನುತ್ತಿದ್ದಳು.

ಮೂರನೆಯ ದಿನ ಬ್ರೋಕರಿಂದ ಅಕ್ಕನಿಗೆ ಸುದ್ದಿ ಬಂತು. ಕಾರು ಸ್ವಂತದ್ದಲ್ಲ ಎಂದು ಗೊತ್ತಾಯಿತಂತೆ, ಅದಕ್ಕೇ ಬೇಡ ಎಂದರಂತೆ. ಇದು ಬ್ರೋಕರ ಕಲ್ಪನೆಯೋ, ನನ್ನ ಮಾನ ಉಳಿಸಲು ಹಿತ್ತಲಲ್ಲಿ ಮಾತಾಡಿದ ಆಕೆಯೇ ಹಾಗೆ ಹೇಳಿ ಕಳುಹಿಸಿದರೋ, ಇಂದಿಗೂ ತಿಳಿಯದು. ಅವರೇ ಹೇಳಿದ್ದರೆ ಅವರು ನನಗಿಂತ ದೊಡ್ಡವರು.

"ನಾನು ಬಡ್ಕಂಡೆ, ನೀ ಕೇಳ್ದಾ?" ಎಂದು ಅಕ್ಕ ಫೋನಿನಲ್ಲಿ ಅಳುವುದಕ್ಕೇ ಶುರು ಮಾಡಿದಳು. "ಎಲ್ಲಾ ಆ ಆಳಾದ್ ಪಿಕಪ್ಪಿಂದ ಕಣ್ಲಾ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಲ್ಲ ಕಣಕ್ಕ, ನೆಲ ನೆಟ್ಟಗೇ ಇತ್ತು ಎಂದು ಹೇಳಬೇಕೆನಿಸಿತು. ಹೇಳಿದರೆ ಅವಳು ಎಷ್ಟು ನೊಂದುಕೊಳ್ಳುತ್ತಾಳೆ ಎಂದು ಗೊತ್ತಿತ್ತು. "ಊಂ ಕಣಕ್ಕ" ಎಂದೆ.

ಶೋರೂಮಿನ ಹುಡುಗ ಈಗಲೂ ಫೋನು ಮಾಡುತ್ತಾನೆ, ಮುಂದಿನ ಬೆಳೆ ಆಗಲಿ ಎನ್ನುತ್ತೇನೆ. ಕಾರು ಕೊಳ್ಳಲು ನನಗೆ ಯಾವ ಅಡ್ಡಿಯೂ ಇಲ್ಲ, ಭಯ ಮಾತ್ರ ಇದೆ. ಹೊಸ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದ ಮೇಲೂ ಯಾರೂ ಬರದಿದ್ದರೆ? ಸದ್ಯಕ್ಕೆ ಅಕ್ಕನಿಗೆ ಬೈಯಲು ಪಿಕಪ್ ಇದೆ. ಅದೂ ಹೋದರೆ ಉಳಿಯುವುದು ನಾನೊಬ್ಬನೇ.