ತಾಂಗ್‌ಕೌ ಹಳ್ಳಿಯಲ್ಲಿ ನಾನು ಹೇಳದೆ ಬಂದ ಮಾತು

ಹುನಾನ್ ಸೀಮೆಯ ಅನ್ನದ ಬಟ್ಟಲಿನಿಂದ ಕ್ಯಾಡ್ಮಿಯಮ್ ಎಂಬ ವಿಷಲೋಹವನ್ನು ದೂರವಿಡಲು ಜೇಡಿಮಣ್ಣೇ ಮದ್ದಾದೀತೆಂದು ನಂಬಿ ಮೂವತ್ತು ವರ್ಷ ದುಡಿದವರು ನಮ್ಮ ಗುರುಗಳಾದ ಪ್ರೊಫೆಸರ್ ಕ್ವಾಂಗ್ ಯಿಶಾನ್ ಅವರು. ಅವರ ನಿವೃತ್ತಿಯ ಈ ಸಂಪುಟದಲ್ಲಿ ಸಾಧನೆಗಳನ್ನು ಬಣ್ಣಿಸುವವರು ಅನೇಕರಿದ್ದಾರೆ. ಎಲ್ಲರೂ ಅವರ ಸೋಲೆಂದು ತಿಳಿದಿರುವ ಒಂದು ಸಂಗತಿಯನ್ನು ಮಾತ್ರ ನಾನೇ ಬರೆಯಬೇಕು.

ಹದಿನೈದು ವರ್ಷಗಳ ಹಿಂದೆ ನಾನು ಅವರ ವಿದ್ಯಾರ್ಥಿನಿಯಾಗಿ ಸೇರಿದೆ. ಮೊದಲ ದಿನವೇ ತಮ್ಮ ರಬ್ಬರ್ ಬೂಟುಗಳನ್ನು ನನ್ನತ್ತ ತಳ್ಳಿ, ತಾವು ಬರಿಗಾಲಲ್ಲಿ ಗದ್ದೆಗಿಳಿದವರು ಅವರು. ತಾಂಗ್‌ಕೌ ಹಳ್ಳಿಯ ಗದ್ದೆಗಳಿಗೆ ಜೇಡಿಪುಡಿ ಬೆರೆಸಿದೆವು. ಜೇಡಿ ಲೋಹವನ್ನು ಹೊರಹಾಕುವುದಿಲ್ಲ, ಬೇರಿಗೆ ಸಿಗದಂತೆ ಹಿಡಿದಿಡುತ್ತದೆ, ಅಷ್ಟೆ. ಆ ಹಿಡಿತ ಸಡಿಲವಾಗದಿರಲು ತೆನೆ ಬಲಿಯುವವರೆಗೂ ಗದ್ದೆಯಲ್ಲಿ ನೀರು ನಿಂತಿರಬೇಕು. ಅಲ್ಲಿಯವರ ರೂಢಿಯೋ, ಹೂವು ಮುಗಿಯುತ್ತಿದ್ದಂತೆ ನೀರು ಬಸಿದು ನೆಲ ಗಟ್ಟಿ ಮಾಡುವುದು. "ಈ ಸಲ ನೀರು ಬಸೀಬೇಡಿ ಅಂತ ಮನೆಮನೆಗೂ ಹೇಳಿ ಬಾಮ್ಮ" ಎಂದು ಗುರುಗಳು ನನ್ನನ್ನು ಕಳಿಸಿದರು.

ಕೊನೆಯ ಮನೆ ಲುವೋ ಅಜ್ಜಿಯದು. ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದ ಆಕೆ ನಾನು ಬಾಯಿ ತೆರೆಯುವ ಮೊದಲೇ, "ಏನೇ ಹುಡುಗಿ, ನಂಗೇ ಬೇಸಾಯ ಕಲಿಸೋಕ್ ಬಂದ್ಯಾ? ಕೂತ್ಕೊ, ಟೀ ಕುಡಿ" ಎಂದು ನಕ್ಕಳು. ನಾಚಿಕೊಂಡು ಚಹಾ ಕುಡಿದು ಸುಮ್ಮನೆ ಎದ್ದು ಬಂದೆ. ಗುರುಗಳಿಗೆ ಮಾತ್ರ ಎಲ್ಲರಿಗೂ ಹೇಳಿದೆನೆಂದು ಸುಳ್ಳು ಹೇಳಿದೆ.

ಸುಗ್ಗಿಯ ಹೊಸಕ್ಕಿ ಊಟದಲ್ಲಿ ಅಲ್ಲಿ ಮೊದಲ ಬಟ್ಟಲು, ಮನುಷ್ಯರಿಗೆ ಭತ್ತ ತಂದುಕೊಟ್ಟಿತೆಂದು ಅವರು ನಂಬುವ ನಾಯಿಗೆ, ಎರಡನೆಯದು ಅತಿಥಿಗೆ. ಅಜ್ಜಿಯ ಅಕ್ಕಿಯ ಪರೀಕ್ಷೆ ಇನ್ನೂ ಮುಗಿದಿರಲಿಲ್ಲ. ನನ್ನ ಮಾತು ನಂಬಿ ಗುರುಗಳು ಅವಳ ಮನೆಯಲ್ಲಿ ಆ ಎರಡನೆಯ ಬಟ್ಟಲು ಉಂಡರು. "ಮೇಷ್ಟ್ರೇ ಉಂಡ್ಮೇಲೆ ಇನ್ನೇನು ಭಯ!" ಎಂದು ಅಜ್ಜಿ ಬಸುರಿ ಮೊಮ್ಮಗಳಿಗೂ ಬಡಿಸಿದಳು. ಹತ್ತು ದಿನದ ಮೇಲೆ ಫಲಿತಾಂಶ ಬಂತು. ಲೋಹ ಸುರಕ್ಷಿತ ಮಿತಿಯ ಎರಡರಷ್ಟಿತ್ತು.

ರೂಢಿಯಂತೆ ನೀರು ಬಸಿದೆ, ಬೇಡವೆಂದು ತನಗೆ ಯಾರೂ ಹೇಳಲಿಲ್ಲ ಎಂದು ಅಜ್ಜಿ ಅಂದಾಗ ಗುರುಗಳು ಅದೇ ಅಂಗಳದಲ್ಲಿ ತಲೆತಗ್ಗಿಸಿ ನಿಂತರು. "ತಪ್ಪು ನಂದು ಅಜ್ಜಿ. ಹೇಳಬೇಕಿತ್ತು, ಹೇಳ್ಲಿಲ್ಲ."

"ನಿಮ್ಮನ್ನ ನಂಬಿ ಬಸುರಿ ಹುಡುಗಿಗೆ ಬಡಿಸ್ದೆನಲ್ಲ ಮೇಷ್ಟ್ರೇ!"

ದಾರಿಯಲ್ಲಿ ನಾನು ಅಳುತ್ತ ಎಲ್ಲವನ್ನೂ ಒಪ್ಪಿಕೊಂಡೆ. "ನೀನಿನ್ನೂ ಈ ಊರಲ್ಲಿ ಕೆಲಸ ಮಾಡ್ಬೇಕಮ್ಮ. ಸುಮ್ನಿರು" ಎಂದರು ಗುರುಗಳು. ನನಗೂ ಅದೇ ಬೇಕಿತ್ತು. ಸುಮ್ಮನಿದ್ದುಬಿಟ್ಟೆ.

ಪುಣ್ಯಕ್ಕೆ ಮಗು ಆರೋಗ್ಯವಾಗಿ ಹುಟ್ಟಿತು. ಅಂದಿನಿಂದ ಪ್ರತಿವರ್ಷ ಗುರುಗಳೇ ಹೋಗಿ ಆ ಗದ್ದೆಯ ನೀರು ಕಾಯ್ದರು. ಅಕ್ಕಿ ಮಿತಿಯೊಳಗೆ ಬಂತು. ಆದರೂ ಹೊಸಕ್ಕಿ ಊಟದ ದಿನ ಅಜ್ಜಿ ಅವರಿಗೆ ಚಹಾ ಮಾತ್ರ ಕೊಡುತ್ತಿದ್ದಳು. ಅವರು ಕುಡಿದು ಬರುತ್ತಿದ್ದರು. ಅದನ್ನು ನೋಡಿಯೂ ನಾನು ಬಾಯಿಬಿಡಲಿಲ್ಲವೆಂಬುದಕ್ಕೆ ಇಂದು ನನಗೆ ಕ್ಷಮೆಯಿಲ್ಲ.

ಕಳೆದ ವಾರ ಅಜ್ಜಿಯ ಬಳಿ ಹೋಗಿ ನಡೆದದ್ದೆಲ್ಲ ಹೇಳಿದೆ. ತೊಂಬತ್ತು ದಾಟಿದ ಆಕೆ ನೀಲಿ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡಳು. "ಇಷ್ಟ್ ವರ್ಷ ನಾಯಿಗೆ ಹಾಕ್ದೆ, ಅವರಿಗೆ ಹಾಕ್ಲಿಲ್ವಲ್ಲೇ! ಈ ಸಲ ಮೇಷ್ಟ್ರನ್ನ ಕರ್ಕೊಂಡ್ ಬಾ. ನಿಂಗ್ ಮಾತ್ರ ಬರೀ ಟೀ."

ಗುರುಗಳು ನೂರ್ಕಾಲ ಬಾಳಲಿ, ಅವರ ಜೇಡಿಯ ಕೆಲಸ ನಿವೃತ್ತಿಗೆ ನಿಲ್ಲದಿರಲಿ, ಆ ಎರಡನೆಯ ಬಟ್ಟಲು ವರ್ಷವರ್ಷವೂ ಅವರ ಮುಂದೆ ಬರಲಿ. ನಾನು ಅಂಗಳದಲ್ಲಿ ಚಹಾ ಕುಡಿಯುತ್ತ ಕಾಯುತ್ತೇನೆ.