ಕೆಂಪಿಯ ಹೊಸ್ತಿಲು

ಹಳೇ ಬಾಗಲಕೋಟೆಯಲ್ಲಿ ನಮ್ಮ ಮನೆಗೂ ಬಡಿಗ ಈರಪ್ಪನ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಕಡೆ ಅವನು ಉಳಿಗೆ ಪೆಟ್ಟು ಹಾಕಿದರೆ ಈ ಕಡೆ ನಮ್ಮ ಗೂಡಿನಲ್ಲಿದ್ದ ಹಿತ್ತಾಳೆ ಚರಿಗೆ ನಡುಗುತ್ತಿತ್ತು. ಅವನ ಹೆಂಡತಿ ಗುರುಸಿದ್ದವ್ವ ನನಗಿಂತ ಹತ್ತು ವರ್ಷ ಸಣ್ಣವಳು. ಅವರ ಮನೆಯ ಮಾತು ಅರ್ಧ ಗೋಡೆಯಿಂದಲೇ ನನ್ನ ಕಿವಿಗೆ ಬೀಳುತ್ತಿತ್ತು. ಉಳಿದ ಅರ್ಧವನ್ನು ಅವಳೇ ಬಂದು ಹೇಳುತ್ತಿದ್ದಳು. ಈರಪ್ಪ ಮಾತು ಕಡಿಮೆ ಇದ್ದ ಮನುಷ್ಯ. ಕಟ್ಟಿಗೆಯ ಅಳತೆ ಬಿಟ್ಟರೆ ಅವನ ಬಾಯಿಂದ ಬೇರೆ ಸುದ್ದಿ ಬರುವುದು ಅಪರೂಪ.

ಆ ಮನೆಗೆ ಕೆಂಪಿಯನ್ನು ತಂದವಳು ಅವರ ಒಬ್ಬಳೇ ಮಗಳು ಶೀಲಾ. ತೊಂಬತ್ತೇಳನೆಯ ಇಸವಿ ಇರಬೇಕು. ಹುನಗುಂದದ ಸೋದರತ್ತೆಯ ಮನೆಯಿಂದ ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಿತ್ತು. ಕರದಂಟಿನ ಅಂಗಡಿಯ ಬೆಂಚಿನ ಕೆಳಗೆ ಒಂದು ನಾಯಿಮರಿ ಬಿದ್ದಿತ್ತು. ಹಿಂಗಾಲಿನ ಮೇಲೆ ಯಾವುದೋ ಗಾಡಿ ಹಾದುಹೋಗಿತ್ತು. ಶೀಲಾ ಅದನ್ನು ಓಢಣಿಯಲ್ಲಿ ಸುತ್ತಿಕೊಂಡು ಮನೆಗೆ ಬಂದಳು.

“ಕರದಂಟ ತಾ ಅಂದ್ರ ನಾಯಿ ತಂದೀಯಲ್ಲ!” ಎಂದಳು ಗುರುಸಿದ್ದವ್ವ.

“ಇದೂ ಕೆಂಪಗ ಐತಿ ನೋಡಬೇ,” ಎಂದಳು ಮಗಳು.

ಈರಪ್ಪ ಎರಡು ತೆಳ್ಳನೆಯ ಪಟ್ಟಿ ಕೆತ್ತಿ, ಹಳೆಯ ಸೀರೆಯ ಅಂಚಿನಿಂದ ಆ ಕಾಲಿಗೆ ಬಿಗಿದ. ಕಾಲು ಕೂಡಿತು, ಆದರೆ ಸೊಟ್ಟಗೆ ಕೂಡಿತು. ಕೆಂಪಿ ದೊಡ್ಡದಾದ ಮೇಲೆ ಬಾಗಿಲ ಹೊಸ್ತಿಲೇ ಅದರ ಜಾಗವಾಯಿತು. ಹೊಟ್ಟೆ ಹೊಸ್ತಿಲ ಮೇಲೆ, ತಲೆ ಓಣಿಯ ಕಡೆ, ಕುಂಟು ಕಾಲು ಮನೆಯೊಳಗೆ. ಬೇರೆ ಯಾವ ರೀತಿಯಲ್ಲೂ ಅದು ಮಲಗಿದ್ದನ್ನು ನಾನು ಕಾಣೆ. ತೇಗಿನ ಹೊಸ್ತಿಲು ಅದು, ಈರಪ್ಪನ ಅಜ್ಜ ಕೂಡಿಸಿದ್ದು. ಗುರುಸಿದ್ದವ್ವ ದಿನಾ ಬೆಳಿಗ್ಗೆ ನಾಯಿಯನ್ನು ಎಬ್ಬಿಸಿ, ಹೊಸ್ತಿಲು ತೊಳೆದು, ಅರಿಷಿಣ ಹಚ್ಚುತ್ತಿದ್ದಳು. ಹಚ್ಚಿದ್ದು ಆರುವ ಮೊದಲೇ ಕೆಂಪಿ ಬಂದು ಮಲಗುತ್ತಿತ್ತು. ಅದರ ಹೊಟ್ಟೆ ಸದಾ ಹಳದಿ.

ಎರಡು ವರ್ಷಕ್ಕೆ ಶೀಲಾ ಲಗ್ನವಾಗಿ ಇಳಕಲ್ಲಿಗೆ ಹೋದಳು. ಅದರ ಮರುವರ್ಷ ನಮ್ಮ ಓಣಿ ಏಳಬೇಕಾಯಿತು. ಅಣೆಕಟ್ಟಿನ ಹಿನ್ನೀರು ಬರುತ್ತದೆ ಎಂದು ಎಷ್ಟೋ ವರ್ಷದಿಂದ ಹೇಳುತ್ತಿದ್ದರು, ಈಗ ಖರೆ ಬರುವುದಿತ್ತು. ನವನಗರದಲ್ಲಿ ಜಾಗ ಕೊಟ್ಟಿದ್ದರು, ನಮಗೂ ಈರಪ್ಪನಿಗೂ ಒಂದೇ ಸಾಲಿನಲ್ಲಿ. ಜನ ತಮ್ಮ ತಮ್ಮ ಮನೆಯ ಬಾಗಿಲು, ಚೌಕಟ್ಟು, ತೊಲೆ, ಕಂಬ ಕಿತ್ತುಕೊಂಡು ಹೊರಟರು. ಯಾರೂ ಅಳಲಿಲ್ಲ. ನೀರು ಬಂದ ಮೇಲೆ ಅತ್ತರಾಯಿತು ಎಂದು ಮುಂದಕ್ಕೆ ಹಾಕಿದಂತೆ ಇದ್ದೆವು. ನೀರು ಬಂದ ಮೇಲೂ ಅದು ಆಗಲಿಲ್ಲ.

ಚೌಕಟ್ಟು ಕೀಳುವುದಕ್ಕೆ ಎಲ್ಲರಿಗೂ ಈರಪ್ಪನೇ ಬೇಕು. ಅವನು ಮೊದಲು ಕಿತ್ತದ್ದು ತನ್ನದೇ ಮನೆಯದು. ಹಾರೆಯ ಕೆಳಗೆ ಸಿಕ್ಕೀತೆಂದು ಕೆಂಪಿಯನ್ನು ಆ ದಿನ ನಮ್ಮ ಹಿತ್ತಲಲ್ಲಿ ಕಟ್ಟಿದ್ದರು. ಚೌಕಟ್ಟನ್ನೂ ಹೊಸ್ತಿಲನ್ನೂ ಕೆರೂರಿನ ಒಬ್ಬ ಕಟ್ಟಿಗೆ ವ್ಯಾಪಾರಿಯ ಟ್ರ್ಯಾಕ್ಟರಿಗೆ ಹೇರಿ ಕಳಿಸಿಬಿಟ್ಟ. ಎದುರು ಮನೆಯ ಅಮಸಿದ್ದಪ್ಪ ತಡೆಯಲಾರದೆ ಕೇಳಿದ:

“ಅಲ್ಲಲೇ ಈರ್ಯಾ, ಊರ ಮಂದಿ ಬಾಗಲಾ ಹೊಸಾ ಮನಿಗಿ ಮುಟ್ಟಸ್ತೀ, ನಿಂದ ಯಾಕ ಮಾರಿದಿ?”

“ಬಡಿಗ್ಯಾನ ಮನಿಗಿ ಹಳೇ ಬಾಗಲಾ ಹಚ್ಚಿದ್ರ ಮಂದಿ ನಗತಾರು. ಹೊಸಾದ ಮಾಡ್ತೇನಿ.”

ಆ ಹೊಸ ಬಾಗಿಲು ಮಾಡುವುದಕ್ಕೆ ಅವನಿಗೆ ಪುರಸತ್ತು ಸಿಗಲೇ ಇಲ್ಲ. ನವನಗರದ ಮನೆಗೆ ತಗಡಿನ ಕದ ಬಂತು. ಸಿಮೆಂಟಿನ ನೆಲ ಅಂಗಳದಿಂದ ಅಡುಗೆಮನೆಯವರೆಗೆ ಒಂದೇ ಸಮ. ಕೆಂಪಿ ಆ ನೆಲದ ಮೇಲೆ ಎಲ್ಲೂ ಮಲಗಲಿಲ್ಲ. ಹಗ್ಗ ಬಿಚ್ಚಿದ ದಿನ ಕುಂಟುತ್ತಾ ಹಳೇ ಊರಿಗೆ ಹೋಯಿತು, ಒಂದೂವರೆ ತಾಸಿನ ದಾರಿ. ಈರಪ್ಪ ಕೆಲಸಕ್ಕೆ ಹೋದಾಗ ನೋಡಿದರೆ ತಮ್ಮ ಮನೆಯ ಬಾಗಿಲಿದ್ದ ಜಾಗದಲ್ಲಿ ನಿಂತಿದೆ. ಹೊಸ್ತಿಲಿದ್ದಲ್ಲಿ ಬರೀ ತಗ್ಗು. ಅದರಲ್ಲಿ ಮಲಗಲೂ ಇಲ್ಲ, ಅಲ್ಲಿಂದ ಸರಿಯಲೂ ಇಲ್ಲ. ಎತ್ತಿಕೊಂಡು ಬಂದ. ಬಿಟ್ಟರೆ ಮತ್ತೆ ಹೋಯಿತು. ಹೀಗೆ ಐದು ಸಲ.

ಹದಿನೈದು ದಿನದ ಮೇಲೆ ಅಮಸಿದ್ದಪ್ಪನ ಚೌಕಟ್ಟು ಹೊರಟಿತು. ಅವನ ಮನೆಯ ಬಿಳಿ ನಾಯಿ ಯಾರು ಕರೆದರೂ ಬರುತ್ತಿರಲಿಲ್ಲ. ಗಾಡಿ ಹೊರಟದ್ದೇ, ಆ ನಾಯಿ ಹಿಂದೆ ಚಾಚಿಕೊಂಡಿದ್ದ ಹೊಸ್ತಿಲಿನ ತುದಿಗೆ ಮೂಗು ಹಚ್ಚಿಕೊಂಡು ನವನಗರದವರೆಗೆ ನಡೆದು ಬಂತು. ಹೊಸ್ತಿಲು ಕೂಡಿಸಿದ ಕೂಡಲೇ ಅದರ ಮೇಲೆ ಮಲಗಿತು. ಈರಪ್ಪ ಹಾರೆ ಹಿಡಿದುಕೊಂಡು ಬಹಳ ಹೊತ್ತು ಆ ನಾಯಿಯನ್ನೇ ನೋಡುತ್ತಾ ನಿಂತನಂತೆ.

ಆಮೇಲೆ ಅವನು ಒಂದು ಪದ್ಧತಿ ಮಾಡಿಕೊಂಡ. ನಾಯಿ ಇದ್ದ ಮನೆಯಾದರೆ ಹೊಸ್ತಿಲನ್ನು ಗಾಡಿಯಲ್ಲಿ ಎಲ್ಲಕ್ಕಿಂತ ಕೊನೆಗೆ, ತುದಿ ಹೊರಗೆ ಬರುವಂತೆ ಹೇರುವುದು. ಎತ್ತುಗಳನ್ನು ನಿಧಾನ ನಡೆಸುವುದು. ಹಾಗೆ ಎಷ್ಟು ನಾಯಿ ಬಂದವೋ. ಗೆದ್ದಲು ತಿಂದ ಹೊಸ್ತಿಲು ಬೇಡ ಎಂದವರು, ನಾಯಿಯೂ ಬೇಡ ಎಂದವರು ಇದ್ದರು. ಅಂಥ ಮೂರು ಹೊಸ್ತಿಲನ್ನು ತಂದು ತನ್ನ ಅಂಗಳದಲ್ಲಿ ಇಟ್ಟ. ಮೂರು ನಾಯಿ ಹಿಂದೆಯೇ ಬಂದವು. ಗೋಡೆ ಇಲ್ಲ, ಬಾಗಿಲು ಇಲ್ಲ, ಬಯಲಲ್ಲಿ ಮೂರು ಹೊಸ್ತಿಲು, ಒಂದೊಂದರ ಮೇಲೆ ಒಂದೊಂದು ನಾಯಿ. ಗುರುಸಿದ್ದವ್ವ ರೊಟ್ಟಿ ಹಾಕಲು ಹೋಗುವಾಗ ಹೊಸ್ತಿಲು ತುಳಿಯಬಾರದೆಂದು ನಿರಿಗೆ ಎತ್ತಿ ಒಂದೊಂದನ್ನೇ ದಾಟುತ್ತಿದ್ದಳು.

“ನಮ್ಮ ಮನಿಗೇ ಒಂದೂ ಬಾಗಲಾ ಇಲ್ಲ, ಅಂಗಳದಾಗ ಮೂರ ಮನಿ ಆಗ್ಯಾವ ನೋಡಕ್ಕಾ,” ಎಂದಳು ನನಗೆ. ನಗಲಿಲ್ಲ.

ಕೆಂಪಿ ಆ ಮೂರರ ಮೇಲೂ ಮಲಗಲಿಲ್ಲ. ಮೂಸಿ ನೋಡಿ ಬಿಟ್ಟಿತು. ರೊಟ್ಟಿಯನ್ನೂ ಬಿಡುತ್ತಾ ಬಂತು. ಮುಂಗಾರು ಶುರುವಾಗಿತ್ತು. ನಮ್ಮ ಓಣಿಯ ಕೆಳಗಿನ ತುದಿಗೆ ನೀರು ಬಂದು ನಿಂತಿದೆ ಎಂದು ಸುದ್ದಿ ಬಂತು. ಹಗ್ಗದಲ್ಲಿ ಕಟ್ಟಿಟ್ಟರೆ ಹಸಿವಿನಿಂದ ಸಾಯುತ್ತದೆ, ಬಿಟ್ಟರೆ ನೀರಿಗೆ ಹೋಗುತ್ತದೆ. ಇಷ್ಟು ಆ ಮನೆಯ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಅಂದರೆ ಇಬ್ಬರೇ.

ಒಂದು ಬೆಳಿಗ್ಗೆ ಗುರುಸಿದ್ದವ್ವ ಕೇಳಿದಳು. “ನಮ್ಮ ಹೊಸ್ತಿಲಾ ಎಲ್ಲೆ ಐತ್ರಿ?”

“ಕೆರೂರಾಗ.”

“ಹೋಗಿ ತರ್ರಿ.”

ಈರಪ್ಪ ಹತ್ಯಾರದ ಚೀಲ ಹೆಗಲಿಗೆ ಹಾಕಿಕೊಂಡು ಹುಬ್ಬಳ್ಳಿ ಬಸ್ಸು ಹತ್ತಿದ. ವ್ಯಾಪಾರಿಯನ್ನು ಹಿಡಿದು ವಿಚಾರಿಸಿದ. ಹೊಸ್ತಿಲು ಸಂತೆ ಬಯಲಿನ ಹಿಂದಿರುವ ದುರಗಪ್ಪ ಎಂಬ ರೈತನ ಮನೆಗೆ ಹೋಗಿತ್ತು. ದುರಗಪ್ಪ ಒಳ್ಳೆಯ ಮನುಷ್ಯ. ಕುಡಿಯಲು ನೀರು ಕೊಟ್ಟು, ಪೂರ್ತಿ ಕೇಳಿಸಿಕೊಂಡ.

“ನಾಯಿ ಸಲುವಾಗಿ ಬಂದೀರಿ? ನಾ ಏನೋ ಕಟ್ಟಿಗ್ಯಾಗ ಬಂಗಾರ ಹುಗಿದಿಟ್ಟೀರಿ ಅನ್ಕೊಂಡೆ! ಕಿತ್ತಗೊಂಡ ಹೋಗ್ರಿ ಯಜಮಾನ್ರ. ನನಗ ಒಂದು ಕಲ್ಲಿನ ಹೊಸ್ತಿಲಾ ಸಾಕು.”

ಈರಪ್ಪ ಕೂತು ಹೊಸ್ತಿಲಿನ ಮೇಲೆ ಕೈಯಾಡಿಸಿದ. ನಡುವೆ ನಾಯಿ ಮಲಗಿ ಮಲಗಿ ನುಣುಪಾದ ಜಾಗ ಹಾಗೇ ಇತ್ತು. ಉಳಿ ತೆಗೆದು ಸಂದಿಗೆ ಇಟ್ಟ. ಅಷ್ಟರಲ್ಲಿ ಒಳಗಿನಿಂದ ದುರಗಪ್ಪನ ಸೊಸೆ ಚಹಾ ತಂದಳು. ಏಳು ತಿಂಗಳ ಬಸುರಿ. ಈರಪ್ಪ ಉಳಿಯನ್ನು ಚೀಲಕ್ಕೆ ಹಾಕಿದ.

“ಯಾಕ್ರೀ?” ಎಂದ ದುರಗಪ್ಪ.

“ಬಸುರಿ ಇದ್ದ ಮನ್ಯಾಗ ಹೊಸ್ತಿಲಾ ಕೀಳೂದಿಲ್ರಿ. ನಮ್ಮ ಅಜ್ಜ ಕಿತ್ತಿಲ್ಲ, ನಮ್ಮಪ್ಪ ಕಿತ್ತಿಲ್ಲ.”

“ಹಡದ ಮ್ಯಾಲ ಬರ್ರಿ ಹಂಗಾರ.”

“ಅಷ್ಟು ದಿನಾ ಅದು ಉಳಿಯೂದಿಲ್ರಿ.”

ಚಹಾ ಆರಿತು. ಆ ಹುಡುಗಿ ಬಾಗಿಲ ಮರೆಯಲ್ಲೇ ನಿಂತು ಕೇಳಿಸಿಕೊಂಡಿದ್ದಳು. “ಮಾವಾರ, ನಾಯೀನ ಇಲ್ಲೆ ತಂದ ಬಿಡಾಕ ಹೇಳ್ರಿ,” ಎಂದಳು.

ಮನೆಗೆ ಬಂದು ಈರಪ್ಪ ಇದನ್ನು ಹೇಳಿದಾಗ ಗುರುಸಿದ್ದವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸಲಿಲ್ಲ. ಕೈಯಲ್ಲಿದ್ದದ್ದನ್ನು ಹಂಚಿಗೆ ಹಾಕಿ, ಮಗುಚಿ, ಬೇಯಿಸಿ ತೆಗೆದ ಮೇಲೆ, “ಯಾವಾಗ ಒಯ್ತೀರಿ?” ಎಂದಳು.

ಸೋಮವಾರ ಒಯ್ದ. ಚೀಲದಿಂದ ಹತ್ಯಾರ ತೆಗೆದು ಅದರಲ್ಲಿ ಕೆಂಪಿಯನ್ನು ಕೂಡಿಸಿದ್ದ. ಅದಕ್ಕೆ ಒದರುವಷ್ಟು ಶಕ್ತಿಯೂ ಇರಲಿಲ್ಲ. ಕಂಡಕ್ಟರು ಚೀಲ ನೋಡಿದ.

“ಏನ್ರಿ ಅದರಾಗ?”

“ಹತ್ಯಾರ.”

“ನಿಮ್ಮ ಹತ್ಯಾರ ಉಸರಾಡಾಕತ್ತಾವಲ್ರಿ ಯಜಮಾನ್ರ!” ಎಂದ ಕಂಡಕ್ಟರು. ಸುತ್ತ ಕೂತವರು ನಕ್ಕರು. ಇಳಿಸಲಿಲ್ಲ.

ದುರಗಪ್ಪನ ಬಾಗಿಲಲ್ಲಿ ಚೀಲದ ಬಾಯಿ ಬಿಚ್ಚಿ ಈರಪ್ಪ ಹಿಂದೆ ಸರಿದು ನಿಂತ. ಕೆಂಪಿ ಹೊಸ್ತಿಲನ್ನು ಈ ತುದಿಯಿಂದ ಆ ತುದಿಯವರೆಗೆ ಮೂಸಿತು. ಮತ್ತೆ ಆ ತುದಿಯಿಂದ ಈ ತುದಿಗೆ. ಹತ್ತಿತು, ಮಲಗಿತು. ಸೊಸೆ ಒಂದು ಪರಾತದಲ್ಲಿ ಹಾಲು ರೊಟ್ಟಿ ಹಿಸುಕಿ ತಂದಿಟ್ಟಳು. ಎಲ್ಲವನ್ನೂ ತಿಂದು, ಪರಾತವನ್ನು ನೆಕ್ಕಿತು. ಈರಪ್ಪ ಖಾಲಿ ಚೀಲ ಮಡಚಿಕೊಂಡು ಎದ್ದ. ಕೆಂಪಿ ತಲೆ ಎತ್ತಿ ನೋಡಿತು, ಏಳಲಿಲ್ಲ.

ಸಂಜೆ ಅವನು ಬಂದಾಗ ನಾನು ಅವರ ಮನೆಯ ಮುಂದಿನ ಕಟ್ಟೆಯ ಮೇಲಿದ್ದೆ. ಗುರುಸಿದ್ದವ್ವ ಅಂಗಳದ ನಾಯಿಗಳಿಗೆ ರೊಟ್ಟಿ ಹಾಕುತ್ತಿದ್ದಳು. ಕೆಂಪಿಯ ಪಾಲನ್ನೂ ಮಾಡಿದ್ದಳು, ಅದು ಅವಳ ಕೈಯಲ್ಲೇ ಇತ್ತು.

“ಮಲಗಿತೇನ್ರಿ?”

“ಮಲಗಿತು.”

“ತಲಿ?”

“ಹೊರಗ.”

“ಕುಂಟ ಕಾಲು?”

“ಒಳಗ.”

“ಹಂಗಾರ ಸರಿ ಆತು,” ಎಂದು ಆ ರೊಟ್ಟಿಯನ್ನು ಮೂರು ತುಂಡು ಮಾಡಿ ಉಳಿದ ಮೂರಕ್ಕೆ ಹಾಕಿದಳು.

ಪಂಚಮಿಗೆ ಶೀಲಾ ಬಂದಳು. ಅಷ್ಟರಲ್ಲಿ ನಮ್ಮ ಓಣಿ ನೀರೊಳಗೆ ಹೋಗಿತ್ತು. ಊರು ಹೋದದ್ದನ್ನು ಅವಳು ಕೇಳಲಿಲ್ಲ, ಕೆಂಪಿಯನ್ನು ಕೇಳಿದಳು. ತಾಯಿ ಎಲ್ಲ ಹೇಳಿದಳು. ದುರಗಪ್ಪನ ಸೊಸೆ ಗಂಡುಮಗು ಹಡೆದದ್ದು, ಆ ಬಾಗಿಲೊಳಗೆ ಕೆಂಪಿ ಹೊಸ ಮುಖದವರನ್ನು ಬಿಡುವುದಿಲ್ಲ ಎಂದು ಯಾರೋ ಸಂತೆಯಲ್ಲಿ ಹೇಳಿದ್ದು, ಎಲ್ಲ.

“ನಾಳೆ ಹೋಗಿ ನೋಡ್ಕೊಂಡ ಬರೂಣಬೇ,” ಎಂದಳು ಶೀಲಾ.

“ಬ್ಯಾಡ.”

“ಯಾಕ?”

“ನಮ್ಮನ್ನ ನೋಡಿದ್ರ ಎದ್ದ ಬರತೈತಿ. ಬಂದು ಎಲ್ಲೆ ಮಲಗಬೇಕು ಅದು?”

ಶೀಲಾ ತಗಡಿನ ಕದದ ಕೆಳಗಿನ ಸಪಾಟು ಸಿಮೆಂಟನ್ನು ನೋಡಿದಳು.

ಈರಪ್ಪ ಕೆಲಸಕ್ಕೆಂದು ಈಗಲೂ ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಹೋಗುತ್ತಾನೆ. ಕೆರೂರಿನಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ. ಎಲ್ಲರೂ ಇಳಿದು ಚಹಾ ಕುಡಿದು ಬರುತ್ತಾರೆ. ಅವನು ಇಳಿಯುವುದಿಲ್ಲ.